ಅರಮನೆ ಹೋಟೆಲಿನಲ್ಲಿ ಒಂದು ರಾತ್ರಿ: ಬಾಡಿಗೆ ಕೋಣೆಗಲ್ಲ, ಮನೆಗೆ

ನಮ್ಮ ಭದ್ರಾವತಿಯ ಜನ್ನಾಪುರದಲ್ಲಿ ‘ಹೋಟೆಲಿಗೆ ಹೋಗಿ ಬರೋಣ’ ಎಂದರೆ ಯಾರ ಕಣ್ಣ ಮುಂದೆಯೂ ಹಾಸಿಗೆ, ದಿಂಬು ಬರುವುದಿಲ್ಲ. ಬರುವುದು ದೋಸೆ, ಕಾಫಿ. ಕನ್ನಡಕ್ಕೆ ಬಂದ ಮೇಲೆ ಹೋಟೆಲ್ ಎಂಬ ಮಾತು ತಿಂಡಿ-ಊಟದ ಜಾಗವಾಗಿ ನೆಲೆಯೂರಿತು. ಮಲಗುವ ಜಾಗಕ್ಕೆ ನಮ್ಮಲ್ಲಿ ಬೇರೆ ಹೆಸರುಗಳಿದ್ದವು: ಯಾತ್ರೆ ಹೊರಟವರಿಗೆ ಛತ್ರ, ಸಾಹೇಬರಿಗೆ ಟಿ.ಬಿ., ಐ.ಬಿ. ಎಂಬ ಸರ್ಕಾರಿ ಬಂಗಲೆ, ವ್ಯಾಪಾರಕ್ಕೆ ಹೋದವರಿಗೆ ಲಾಡ್ಜು, ಉಳಿದವರಿಗೆಲ್ಲ ನೆಂಟರ ಮನೆ. ಎಲ್ಲಿ ತಂಗಿದರೂ ತಂಗುವುದು ಬೇರೊಂದು ಕೆಲಸದ ನಡುವೆ ಬರುವ ಅನಿವಾರ್ಯವಾಗಿತ್ತೇ ಹೊರತು ಅದಕ್ಕಾಗಿಯೇ ಊರು ಬಿಡುವ ವಿಷಯವಾಗಿರಲಿಲ್ಲ. ಈಗ ಷಷ್ಟ್ಯಬ್ದಿಯೋ, ಮದುವೆಯ ಇಪ್ಪತ್ತೈದನೆಯ ವರ್ಷವೋ, ಮಗಳ ಮೊದಲ ಸಂಬಳವೋ ನೆಪವಾಗಿ, ‘ಒಂದು ರಾತ್ರಿ ಅರಮನೆ ಹೋಟೆಲಿನಲ್ಲಿ ಇದ್ದು ಬರೋಣ’ ಎನ್ನುವ ಮಾತು ಸಾಧಾರಣ ಸಂಬಳದ ಮನೆಗಳಲ್ಲೂ ಏಳುತ್ತದೆ. ಮಾತು ಎದ್ದ ಕೂಡಲೇ ಹಿಂದೆಯೇ ಬರುವ ಪ್ರಶ್ನೆ: ಅಷ್ಟು ದುಡ್ಡು ಕೊಟ್ಟು ಮಲಗುವುದಕ್ಕೆ ಅಲ್ಲಿ ಏನಿದೆ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರೊಳಗೆ ಒಂದು ತಪ್ಪು ಲೆಕ್ಕ ಅಡಗಿದೆ. ಲಾಡ್ಜಿನಲ್ಲಿ ನಾವು ಕೊಡುವುದು ಕೋಣೆಯ ಬಾಡಿಗೆ. ಹಾಸಿಗೆ ಶುಚಿಯಾಗಿದ್ದು, ನಲ್ಲಿಯಲ್ಲಿ ಬಿಸಿನೀರು ಬಂದು, ಬಾಗಿಲ ಚಿಲಕ ಗಟ್ಟಿಯಾಗಿದ್ದರೆ ಹಣ ಸಂದಿತು. ಐತಿಹಾಸಿಕ ಹೋಟೆಲನ್ನು ಅದೇ ತಕ್ಕಡಿಯಲ್ಲಿ ತೂಗಿದರೆ ಅದು ಪ್ರತಿಸಲವೂ ಸೋಲುತ್ತದೆ. ಅದರ ಕಾಲು ಭಾಗ ಬೆಲೆಗೆ ಅದಕ್ಕಿಂತ ಚೊಕ್ಕವಾದ ಹೊಸ ಕೋಣೆ ಎಲ್ಲಿ ಬೇಕಾದರೂ ಸಿಗುತ್ತದೆ. ಅಲ್ಲಿ ಕೊಡುವ ದುಡ್ಡಿನ ಬಹುಪಾಲು ಕೋಣೆಗಲ್ಲ, ಮನೆಗೆ: ಮೆಟ್ಟಿಲಿಗೆ, ಮೊಗಸಾಲೆಗೆ, ಊಟದ ಹಜಾರಕ್ಕೆ, ಎತ್ತರದ ಛಾವಣಿಗೆ, ಸಂಜೆಯ ಕೈಸಾಲೆಗೆ. ಇದನ್ನು ಒಪ್ಪಿಕೊಂಡರೆ ಯಾವ ಹೋಟೆಲು, ಯಾವ ಭಾಗ, ಎಷ್ಟು ದಿನ, ಯಾವ ತಿಂಗಳು, ಒಳಗೆ ಹೋಗಿ ಏನು ಮಾಡಬೇಕು ಎಂಬುದೆಲ್ಲ ತಾನಾಗಿಯೇ ತೀರ್ಮಾನವಾಗುತ್ತದೆ.

ಉಕ್ಕಿನೂರಿನ ಓರಗೆಯ ಕಟ್ಟಡ

ನಮ್ಮ ರಾಜ್ಯದಲ್ಲಿ ಇಂಥ ಮನೆಗಳು ಬೆರಳೆಣಿಕೆಯಷ್ಟಿವೆ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ 1887ರಲ್ಲಿ ಬ್ರಾನ್ಸನ್ ಎಂಬ ಆಂಗ್ಲ ಮಹಿಳೆ ನಡೆಸುತ್ತಿದ್ದ ಹತ್ತು ಕೋಣೆಗಳ ವಸತಿಗೃಹವಾಗಿ ಆರಂಭವಾದದ್ದು. ಈಗ ಅದು ತಾಜ್ ಸಮೂಹದ್ದು. ಮೈಸೂರಿನ ರೈಲು ನಿಲ್ದಾಣಕ್ಕೆ ಹತ್ತಿರವಿರುವ ಮೆಟ್ರೊಪೋಲ್, ಮಹಾರಾಜರು ತಮ್ಮ ಬ್ರಿಟಿಷ್ ಅತಿಥಿಗಳಿಗಾಗಿ 1920ರ ಹೊತ್ತಿಗೆ ಕಟ್ಟಿಸಿದ ಮನೆ. ವಿನೋಬಾ ರಸ್ತೆಯ ಚಿತ್ತರಂಜನ್ ಅರಮನೆ ರಾಜಕುಮಾರಿಯರಿಗಾಗಿ ಎದ್ದು, ನಡುವೆ ಪ್ರೀಮಿಯರ್ ಸ್ಟುಡಿಯೋ ಆಗಿ ಸಿನಿಮಾ ಕಂಡು, ಕೊನೆಗೆ ಗ್ರೀನ್ ಹೋಟೆಲ್ ಆಯಿತು. ಅದರ ಲಾಭ ದಾನಕಾರ್ಯಕ್ಕೆ ಹೋಗುತ್ತದೆ. ಇವೆಲ್ಲಕ್ಕೂ ದೊಡ್ಡದು ಚಾಮುಂಡಿ ಬೆಟ್ಟದ ಬುಡದ ದಿಬ್ಬದಲ್ಲಿ ಬೆಳ್ಳಗೆ ನಿಂತಿರುವ ಲಲಿತಮಹಲ್. ವೈಸರಾಯ್ ಮೈಸೂರಿಗೆ ಬಂದಾಗ ಇಳಿದುಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಇದರ ಕೆಲಸ ಆರಂಭಿಸಿದರು. ನಕ್ಷೆ ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲೆ ಅವರದು, ಕಟ್ಟಿದವರು ಬಿ. ಮುನಿವೆಂಕಟಪ್ಪ. ನಡುವಿನ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಮಾದರಿ. ಮುಂಭಾಗದ ಉದ್ದಕ್ಕೂ ಜೋಡಿ ಕಂಬ, ಒಳಗೆ ಇಟಲಿಯ ಅಮೃತಶಿಲೆಯ ಮೆಟ್ಟಿಲು, ನೃತ್ಯಕ್ಕೆಂದು ಮಾಡಿದ ಹಜಾರ. 1974ರಲ್ಲಿ ಅದು ಹೋಟೆಲಾಯಿತು. ಯುರೋಪಿನ ನಗರವೊಂದರ ಭವ್ಯ ಹೋಟೆಲು ಹೇಗಿರುತ್ತದೆಂದು ಪಾಸ್‌ಪೋರ್ಟ್ ಇಲ್ಲದೆ ತಿಳಿಯಬೇಕೆಂದರೆ ನಮಗೆ ಎಟುಕುವ ಅತಿ ಹತ್ತಿರದ ಉದಾಹರಣೆ ಇದೇ.

ಭದ್ರಾವತಿಯವರಿಗೆ ಈ ಕಟ್ಟಡ ಪರಕೀಯವೇನಲ್ಲ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾದದ್ದು 1918ರಲ್ಲಿ. ಕುಲುಮೆಯಿಂದ ಕಬ್ಬಿಣ ಇಳಿದದ್ದು 1923ರಲ್ಲಿ. ಅಂದರೆ ಲಲಿತಮಹಲಿಗೆ ಕಲ್ಲು ಕಟ್ಟುತ್ತಿದ್ದಾಗ ಇಲ್ಲಿ ಕುಲುಮೆ ಏಳುತ್ತಿತ್ತು. ಅರಸರೂ ಒಬ್ಬರೇ, ಬೊಕ್ಕಸವೂ ಒಂದೇ ಸಂಸ್ಥಾನದ್ದು. ಅದಕ್ಕೂ ಮುಂಚೆ, 1912ರಲ್ಲಿ ಮುಗಿದ ಅಂಬಾವಿಲಾಸ ಅರಮನೆಯ ಕಲ್ಯಾಣಮಂಟಪಕ್ಕೆ ಎರಕದ ಕಬ್ಬಿಣದ ಕಂಬಗಳು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊದಿಂದ. ಕಂಬಕ್ಕೂ ಹಡಗು ಕಾಯಬೇಕಾಗಿದ್ದ ಸಂಸ್ಥಾನ ಹತ್ತು-ಹನ್ನೊಂದು ವರ್ಷದಲ್ಲಿ ತನ್ನ ಕಬ್ಬಿಣ ತಾನೇ ಕರಗಿಸಿತು. ಅದೇ ಹೊತ್ತಿಗೆ ಪರದೇಶದ ದೊರೆಯನ್ನು ಅವನದೇ ರೀತಿಯ ಮನೆಯಲ್ಲಿ ಇಳಿಸಿ ಸತ್ಕರಿಸುವ ವ್ಯವಸ್ಥೆಯನ್ನೂ ಮಾಡಿತು. ಒಂದು ದುಡಿಮೆಯ ಮುಖ, ಇನ್ನೊಂದು ರಾಜತಂತ್ರದ ಮುಖ. ಎರಡನ್ನೂ ಜೊತೆಗಿಟ್ಟು ನೋಡಿದವರಿಗೆ ಲಲಿತಮಹಲ್ ಬರಿಯ ವೈಭವವಾಗಿ ಕಾಣುವುದಿಲ್ಲ, ಒಂದು ಕಾಲದ ದಾಖಲೆಯಾಗಿ ಕಾಣುತ್ತದೆ. ದಾಖಲೆಯನ್ನು ಓದಲು ಸಮಯ ಬೇಕು. ಬಾಡಿಗೆ ಕೊಡುವುದು ಆ ಸಮಯಕ್ಕೆ.

ಹಳೆಯದು ಎಷ್ಟು, ಹೊಸದು ಎಷ್ಟು

ಮನೆಗೆ ದುಡ್ಡು ಕೊಡುತ್ತಿದ್ದೇವೆ ಎಂದಾದರೆ, ಮೊದಲು ಖಚಿತ ಮಾಡಿಕೊಳ್ಳಬೇಕಾದದ್ದು ನಮಗೆ ಸಿಗುವ ಕೋಣೆ ಆ ಮನೆಯೊಳಗೆ ಇದೆಯೇ ಎಂಬುದು. ವಿಚಿತ್ರವೆನಿಸಿದರೂ ಇದು ಕೇಳಲೇಬೇಕಾದ ಪ್ರಶ್ನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪ್ರಕಾರ ಹೆರಿಟೇಜ್ ಹೋಟೆಲ್ ಎನಿಸಿಕೊಳ್ಳಲು ಕಟ್ಟಡ 1950ಕ್ಕಿಂತ ಹಳೆಯದಾಗಿರಬೇಕು. ಕ್ಲಾಸಿಕ್, ಗ್ರ್ಯಾಂಡ್ ಎಂಬ ಮೇಲಿನ ದರ್ಜೆಗಳಿಗೆ 1935ಕ್ಕಿಂತ ಹಳೆಯದಾಗಿರಬೇಕು. ಆದರೆ ಮುಂದಕ್ಕೆ ವಿಸ್ತರಿಸಿದ ಹೋಟೆಲುಗಳಲ್ಲಿ ಒಟ್ಟು ನೆಲದಳತೆಯ ಅರ್ಧದಷ್ಟು ಹಳೆಯದಿದ್ದು, ಮುಖಭಾಗ ಹೆಚ್ಚು ಬದಲಾಗದಿದ್ದರೆ ಸಾಕು. ಎಂದರೆ ಉಳಿದರ್ಧ ಹೊಸದಾಗಿರಬಹುದು. ಫಲಕದ ಮೇಲೆ ಅರಮನೆಯ ಹೆಸರಿದ್ದು, ನಾವು ಮಲಗುವುದು ಮೊನ್ನೆಮೊನ್ನೆ ಕಟ್ಟಿದ ಹಿಂಬದಿಯ ಸಾಲಿನಲ್ಲಿ ಎಂದಾದರೆ, ಜಾಹೀರಾತಿನ ಚಿತ್ರಕ್ಕೆ ದುಡ್ಡು ಕೊಟ್ಟ ಹಾಗಾಯಿತು. ಲಲಿತಮಹಲಿಗೂ ಹಳೆಯ ಅರಮನೆಯ ಕೋಣೆಗಳ ಜೊತೆಗೆ ಆಮೇಲೆ ಸೇರಿಸಿದ ಭಾಗವಿದೆ.

ಆದ್ದರಿಂದ ಬುಕಿಂಗ್ ಆ್ಯಪ್ ತೋರಿಸುವ ‘ಡೀಲಕ್ಸ್’, ‘ಸುಪೀರಿಯರ್’ ಹೆಸರುಗಳನ್ನು ನೆಚ್ಚಿಕೊಳ್ಳಬೇಡಿ. ಆ ಹೆಸರುಗಳು ಕಟ್ಟಡದ ವಯಸ್ಸನ್ನು ಹೇಳುವುದಿಲ್ಲ. ಹೋಟೆಲಿಗೇ ಫೋನ್ ಮಾಡಿ. ಕೋಣೆ ಮೂಲ ಕಟ್ಟಡದಲ್ಲಿದೆಯೇ, ಯಾವ ಮಹಡಿ, ಕಿಟಕಿ ತೆರೆದರೆ ಕಾಣುವುದು ತೋಟವೋ ಜನರೇಟರ್ ಶೆಡ್ಡೋ, ಊಟದ ಹಜಾರ ಆ ದಿನ ಅತಿಥಿಗಳಿಗೆ ತೆರೆದಿರುತ್ತದೆಯೋ ಮದುವೆ-ಸಮ್ಮೇಳನಕ್ಕೆ ಹೋಗಿದೆಯೋ, ಎಲ್ಲಿಯಾದರೂ ದುರಸ್ತಿ ನಡೆದಿದೆಯೇ ಎಂದು ಕೇಳಿ. ವಯಸ್ಸಾದವರು ಜೊತೆಗಿದ್ದರೆ ಲಿಫ್ಟ್ ಕೆಲಸ ಮಾಡುತ್ತಿದೆಯೇ, ಎಷ್ಟು ಮೆಟ್ಟಿಲು ಹತ್ತಬೇಕು ಎನ್ನುವುದನ್ನೂ ಕೇಳಿ. ಎತ್ತರದ ಛಾವಣಿಯ ಮನೆಗಳಲ್ಲಿ ಒಂದು ಮಹಡಿ ಎಂದರೆ ನಮ್ಮ ಮನೆಗಳ ಒಂದೂವರೆ ಮಹಡಿ. ಒಪ್ಪಿದ ಉತ್ತರವನ್ನು ಇಮೇಲಿನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಬರೆಸಿಕೊಳ್ಳಿ. ಲಲಿತಮಹಲಿನ ವಿಷಯದಲ್ಲಿ ಈ ಕರೆ ಇನ್ನೂ ಮುಖ್ಯ. ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ದಶಕಗಳ ಕಾಲ ನಡೆಸಿದ ಹೋಟೆಲು ಆಮೇಲೆ ರಾಜ್ಯ ಸರ್ಕಾರದ ಕೈಗೆ ಬಂದಿದೆ; ಆಡಳಿತ ಬದಲಾಗುವ ಇಂಥ ಕಡೆ ಯಾವ ಕೋಣೆ ತೆರೆದಿದೆ, ದರವೇನು ಎಂಬುದು ಆಯಾ ತಿಂಗಳ ಸುದ್ದಿ. ಹಳೆಯ ಪ್ರವಾಸಿ ಪುಸ್ತಕದ ಮಾತನ್ನು ನಂಬಿ ಹೊರಡಬಾರದು.

ಇಪ್ಪತ್ತೊಂದು ಗಂಟೆಯ ಲೆಕ್ಕ

ಮಧ್ಯಾಹ್ನ ಎರಡಕ್ಕೆ ಒಳಗೆ, ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಹೊರಗೆ ಎಂಬುದು ಹೋಟೆಲುಗಳಲ್ಲಿ ಸಾಮಾನ್ಯವಾಗಿ ಕಾಣುವ ನಿಯಮ. ಕೈಗೆ ಸಿಗುವುದು ಇಪ್ಪತ್ತೊಂದು ಗಂಟೆ. ಮೈಸೂರಿಗೆ ಹೋದ ಕುಟುಂಬ ಮಾಮೂಲಿನಂತೆ ಏನು ಮಾಡುತ್ತದೆ? ಸಾಮಾನು ಕೋಣೆಯಲ್ಲಿ ಎಸೆದು ಬೆಟ್ಟಕ್ಕೆ, ಮೃಗಾಲಯಕ್ಕೆ, ಬೃಂದಾವನಕ್ಕೆ ಓಡುತ್ತದೆ. ರಾತ್ರಿ ಹತ್ತಕ್ಕೆ ಸುಸ್ತಾಗಿ ಬಂದು ಮಲಗುತ್ತದೆ. ಬೆಳಗ್ಗೆ ತಿಂಡಿ ಮುಗಿಸಿ ಮತ್ತೆ ಹೊರಡುತ್ತದೆ. ಇಪ್ಪತ್ತೊಂದರಲ್ಲಿ ಕಣ್ಣು ತೆರೆದು ಆ ಮನೆಯೊಳಗೆ ಕಳೆದದ್ದು ಎರಡೋ ಮೂರೋ ಗಂಟೆ. ಕಣ್ಣು ಮುಚ್ಚಿದ ಮೇಲೆ ವೈಸರಾಯನ ಅರಮನೆಯೂ ಒಂದೇ, ಬಸ್‌ಸ್ಟ್ಯಾಂಡಿನ ಲಾಡ್ಜೂ ಒಂದೇ. ಹಾಗೆ ಮಾಡುವುದಿದ್ದರೆ ಲಾಡ್ಜೇ ವಾಸಿ. ಉಳಿದ ದುಡ್ಡಿಗೆ ಒಂದು ಒಳ್ಳೆಯ ಸೀರೆಯಾದರೂ ಬಂದೀತು.

ಲೆಕ್ಕ ಸರಿಹೋಗಬೇಕಾದರೆ ಊರು ನೋಡುವ ದಿನ ಬೇರೆ, ಮನೆ ನೋಡುವ ದಿನ ಬೇರೆ ಇರಬೇಕು. ನಮ್ಮ ಕಡೆಯವರಿಗೆ ಇದು ಕಷ್ಟವೇನಲ್ಲ. ತಾಳಗುಪ್ಪ, ಶಿವಮೊಗ್ಗದಿಂದ ಮೈಸೂರಿಗೆ ಹೋಗುವ ರೈಲುಗಳು ಭದ್ರಾವತಿಯ ಮೇಲೆಯೇ ಹೋಗುತ್ತವೆ. ಅರಸೀಕೆರೆ, ಹಾಸನದ ದಾರಿಯಲ್ಲಿ ಹಗಲು ಮುಟ್ಟುವವು ಇವೆ, ಬೆಂಗಳೂರು ಸುತ್ತಿಕೊಂಡು ರಾತ್ರಿಯಿಡೀ ಓಡಿ ಬೆಳಗ್ಗೆ ಮುಟ್ಟುವುದೂ ಇದೆ. ಬೆಳಗ್ಗೆ ಇಳಿದರೆ ಸಾಮಾನನ್ನು ಹೋಟೆಲಿನ ಸ್ವಾಗತ ಕಟ್ಟೆಯಲ್ಲಿ ಒಪ್ಪಿಸಿ ಅಂಬಾವಿಲಾಸ ಅರಮನೆಯನ್ನು ನೋಡಿ ಬನ್ನಿ. ಕೋಣೆ ಸಿಗುವ ಮುಂಚೆಯೇ ಸಾಮಾನು ಇಟ್ಟುಕೊಳ್ಳಲು ಹೋಟೆಲುಗಳು ಬೇಡವೆನ್ನುವುದಿಲ್ಲ. ಎರಡಕ್ಕೆ ಒಳಗೆ ಕಾಲಿಟ್ಟ ಮೇಲೆ ಹೊರಗಿನ ಕಾರ್ಯಕ್ರಮ ಏನೂ ಬೇಡ. ಬಿಸಿಲು ಇಳಿಯುವಾಗ ಮುಂದಿನ ಕೈಸಾಲೆಯಲ್ಲಿ ಕಾಫಿ, ದೀಪ ಹಚ್ಚಿದ ಮೇಲೆ ಹಜಾರದಲ್ಲಿ ಊಟ, ಬೆಳಗ್ಗೆ ಬೇರೆ ಅತಿಥಿಗಳು ಏಳುವ ಮುನ್ನ ಖಾಲಿ ಮೆಟ್ಟಿಲು, ಖಾಲಿ ಮೊಗಸಾಲೆ: ಬಾಡಿಗೆ ಕೊಟ್ಟವರಿಗಷ್ಟೇ ಸಿಗುವ ಹೊತ್ತು ಇದು. ಇದೇ ಕಾರಣಕ್ಕೆ ಒಂದು ರಾತ್ರಿ ಸಾಕು ಎನ್ನುವುದು ನನ್ನ ಅಭಿಪ್ರಾಯ. ಮನೆಯನ್ನು ಒಮ್ಮೆ ನಿಧಾನವಾಗಿ ನೋಡಿದ ಮೇಲೆ ಎರಡನೆಯ ರಾತ್ರಿಗೆ ಕೊಡುವುದು ಮತ್ತೆ ಕೋಣೆಯ ಬಾಡಿಗೆಯೇ. ಆ ಬಾಡಿಗೆಗೆ ಆ ಬೆಲೆ ಹೆಚ್ಚು.

ಬಿಲ್ಲಿನ ಒಳಗುಟ್ಟು

ದರದ ಪಟ್ಟಿಯಲ್ಲಿ ಕಾಣುವುದು ಒಂದು, ಕೊನೆಗೆ ಕಟ್ಟುವುದು ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪ್ರಕಾರ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5, ಅದನ್ನು ದಾಟಿದರೆ ಶೇ 18. ಗೆರೆ ದಾಟಿದಾಗ ಹೆಚ್ಚಿನ ತೆರಿಗೆ ಬೀಳುವುದು ದಾಟಿದ ಮೊತ್ತಕ್ಕಷ್ಟೇ ಅಲ್ಲ, ಪೂರ್ತಿ ಬಾಡಿಗೆಗೆ. ಕೋಣೆ 7,500 ಆದರೆ ತೆರಿಗೆ ಸೇರಿ 7,875. ಅದೇ 7,600 ಆದರೆ 8,968. ನೂರು ರೂಪಾಯಿಯ ಅಂತರ ಕಟ್ಟುವಾಗ 1,093 ಆಗುತ್ತದೆ. ಹಾಗಾಗಿ ದರ ಈ ಗೆರೆಯ ಆಸುಪಾಸಿನಲ್ಲಿದ್ದರೆ ದಿನ ಹಿಂದೆಮುಂದೆ ಮಾಡಿ ನೋಡಿ, ತಿಂಡಿ ಸೇರದ ದರ ಇದೆಯೇ ಎಂದು ಕೇಳಿ. ದುಬಾರಿ ಕೋಣೆಗಳ ಹೋಟೆಲಿನಲ್ಲಿ ಒಳಗಿನ ಊಟಕ್ಕೂ ಸಾಮಾನ್ಯವಾಗಿ ಶೇ 18ರ ತೆರಿಗೆಯೇ ಬೀಳುತ್ತದೆ ಎಂಬುದೂ ನೆನಪಿರಲಿ. ಸರ್ವಿಸ್ ಚಾರ್ಜ್ ಮಾತ್ರ ತೆರಿಗೆಯಲ್ಲ. ಅದನ್ನು ಕಡ್ಡಾಯವಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದ್ದನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ, ಬೇಡವೆಂದರೆ ತೆಗೆಸಬಹುದು. ದಸರೆಯ ಹತ್ತು ದಿನ, ಕ್ರಿಸ್ಮಸ್ ರಜೆ, ಶನಿವಾರ-ಭಾನುವಾರಗಳನ್ನು ಬಿಟ್ಟುಬಿಡಿ. ಆಗ ದರವೂ ಏರುತ್ತದೆ, ಮನೆಯ ತುಂಬ ಗದ್ದಲವೂ ಇರುತ್ತದೆ. ಮನೆ ನೋಡಲು ಹೋದವರಿಗೆ ಗದ್ದಲವೇ ನಷ್ಟ. ಮಳೆಗಾಲದ ಒಂದು ಮಂಗಳವಾರ ನಮಗೆ ಹೇಳಿಮಾಡಿಸಿದ ದಿನ.

ಎದುರು ಮಾತುಗಳು

ಹಳೆಯ ಹೋಟೆಲಿನಲ್ಲಿ ಅನುಕೂಲ ಕಡಿಮೆ, ನಲ್ಲಿ ಸೋರುತ್ತದೆ, ಬಿಸಿನೀರು ತಡ, ನೆಲಹಾಸು ಮಾಸಿದೆ ಎನ್ನುವುದು ಮೊದಲ ಆಕ್ಷೇಪ. ಅದು ಬಹುಮಟ್ಟಿಗೆ ನಿಜ, ಮತ್ತು ಅದರಲ್ಲೊಂದು ವ್ಯಂಗ್ಯವೂ ಇದೆ. ಈ ಬಗೆಯ ಹೋಟೆಲುಗಳು ತಮ್ಮ ಕಾಲದಲ್ಲಿ ಹೆಸರು ಮಾಡಿದ್ದೇ ಹೊಸ ಅನುಕೂಲಗಳಿಂದ. 1889ರಲ್ಲಿ ಬಾಗಿಲು ತೆರೆದ ಲಂಡನ್ನಿನ ಸವಾಯ್ ಹೋಟೆಲಿನ ಹೆಗ್ಗಳಿಕೆ ವಿದ್ಯುತ್ ದೀಪ ಮತ್ತು ಲಿಫ್ಟು. 1898ರ ಪ್ಯಾರಿಸ್ಸಿನ ರಿಟ್ಸ್ ಕೋಣೆಗಳಿಗೇ ಸ್ನಾನದ ಮನೆ ಕೂಡಿಸಿ ಸುದ್ದಿಯಾಯಿತು. ಅಂದು ಸೋಜಿಗವಾಗಿದ್ದದ್ದು ಇಂದು ನಮ್ಮ ಜನ್ನಾಪುರದ ಬಾಡಿಗೆ ಮನೆಯಲ್ಲೂ ಇದೆ. ಹಾಗಾಗಿ ಅನುಕೂಲ ಹುಡುಕಿಕೊಂಡು ಹಳೆಯ ಮನೆಗೆ ಹೋಗುವುದು ಅಜ್ಜನ ಕೈಗಡಿಯಾರದಲ್ಲಿ ಫೋನು ಹುಡುಕಿದ ಹಾಗೆ. ಆದರೂ ಶುಚಿ ಬೇರೆ, ಹಳತು ಬೇರೆ. ಗೋಡೆ ಹಳೆಯದಿರಲಿ, ಹಾಸಿಗೆ-ಹೊದಿಕೆ ಹೊಸದಿರಬೇಕು. ನಲ್ಲಿ ಹಿತ್ತಾಳೆಯದಿರಲಿ, ನೀರು ಬರಬೇಕು. ಕೊಳಕನ್ನು ಪರಂಪರೆಯೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಕೋಣೆ ಸರಿಯಿಲ್ಲದಿದ್ದರೆ ಸಾಮಾನು ಬಿಚ್ಚುವ ಮುಂಚೆಯೇ ಬೇರೆ ಕೋಣೆ ಕೇಳಿ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಆಳುವವರನ್ನು ಒಲಿಸಿಕೊಳ್ಳಲು ಕಟ್ಟಿದ ಮನೆ ಇದು, ಅದರ ಮುಂದೆ ನಾವು ಬೆರಗಾಗಿ ನಿಲ್ಲಬೇಕೇ ಎಂಬ ಪ್ರಶ್ನೆ. ಬೆರಗಾಗಬೇಕಾಗಿಲ್ಲ, ಆದರೆ ಬಿಟ್ಟುಕೊಡಲೂ ಬೇಕಾಗಿಲ್ಲ. ಕಲ್ಲಿಗೆ, ಕೂಲಿಗೆ, ಗಾರೆಗೆ ಹೋದ ಹಣ ಮೈಸೂರು ಸೀಮೆಯದು. ಗುಮ್ಮಟದ ಮಾದರಿ ಲಂಡನ್ನಿನದಾದರೂ ಕಟ್ಟಿದ ಕೈ ಇಲ್ಲಿಯದು. ವೈಸರಾಯನಿಗೆಂದು ಮೀಸಲಿದ್ದ ಬಾಗಿಲು ಕಾರ್ಖಾನೆಯ ನಿವೃತ್ತ ನೌಕರರಿಗೂ ತೆರೆಯಿತು ಎಂಬುದೇ ಈ ಮನೆಯ ಚರಿತ್ರೆಯಲ್ಲಿ ಅತಿ ಒಳ್ಳೆಯ ಅಧ್ಯಾಯ. ಆ ಅಧ್ಯಾಯಕ್ಕೆ ನಾವು ಹೋಗದೆ ಅರ್ಥವಿಲ್ಲ.

ಮೂರನೆಯದು, ತಂಗದೆಯೇ ನೋಡಬಹುದಲ್ಲ ಎಂಬ ಜಾಣ ಮಾತು. ಇದನ್ನು ಅರ್ಧ ಒಪ್ಪುತ್ತೇನೆ. ಬಾಡಿಗೆ ಹೊರೆಯೆನಿಸಿದರೆ ಹೊರಗಿನವರಿಗೆ ಊಟದ ಹಜಾರ ತೆರೆದಿರುವ ದಿನ ಕೇಳಿಕೊಂಡು ಮಧ್ಯಾಹ್ನದ ಊಟಕ್ಕೋ ಸಂಜೆಯ ಚಹಕ್ಕೋ ಹೋಗಿ. ಮನೆಯ ಮುಖ್ಯ ಭಾಗ ಅಷ್ಟರಲ್ಲೇ ದಕ್ಕುತ್ತದೆ. ಐದಾರು ಜನರ ಕುಟುಂಬಕ್ಕೆ ಎರಡು ಕೋಣೆ ಹಿಡಿಯುವುದಕ್ಕಿಂತ ಇದೇ ಸರಿ. ಇನ್ನೂ ಅಗ್ಗದ ದಾರಿ ಮನೆಯ ಬಾಗಿಲಲ್ಲೇ ಇದೆ. ಭದ್ರಾವತಿಯ ಕುಲುಮೆಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿ, ಅದೇ ನಾಲ್ವಡಿಯವರ ಹೆಸರಿನ ಕೃಷ್ಣರಾಜೇಂದ್ರ ಗಿರಿಧಾಮ; ತರೀಕೆರೆ, ಲಿಂಗದಹಳ್ಳಿ ದಾಟಿ ಘಾಟಿ ಹತ್ತಿದರೆ ಸರ್ಕಾರಿ ಅತಿಥಿಗೃಹಗಳಿವೆ. ಅಲ್ಲಿ ಅಮೃತಶಿಲೆ ಇಲ್ಲ, ಮಂಜಿದೆ. ಒಪ್ಪದ ಇನ್ನರ್ಧ ಇದು: ದೀಪಗಳು ಆರಿ, ಜನ ಖಾಲಿಯಾದ ಮೇಲಿನ ಹಳೆಯ ಮನೆ ಊಟಕ್ಕೆ ಬಂದು ಹೋಗುವವರಿಗೆ ಕಾಣುವುದಿಲ್ಲ. ಬಾಡಿಗೆ ಕೊಟ್ಟು ಪಡೆಯುವುದು ಅದನ್ನೇ.

ಯುರೋಪಿಗೆ ಹೋದರೂ ಇದೇ ಸೂತ್ರ

ಮಕ್ಕಳು ಜರ್ಮನಿಯಲ್ಲೋ ಹಾಲೆಂಡಿನಲ್ಲೋ ಇದ್ದು, ಅವರನ್ನು ನೋಡಲು ಹೋಗುವ ತಂದೆತಾಯಿಗಳು ನಮ್ಮೂರಲ್ಲೂ ಇದ್ದಾರೆ. ಅಲ್ಲಿಯ ಭವ್ಯ ಹೋಟೆಲಿನಲ್ಲಿ ಒಂದು ರಾತ್ರಿ ಇರಿಸುವ ಆಸೆ ಮಗನಿಗೋ ಸೊಸೆಗೋ ಬಂದರೆ, ಮೈಸೂರಿನಲ್ಲಿ ಕಲಿತ ಪ್ರಶ್ನೆಗಳನ್ನೇ ಕೇಳಿ. ಮನೆ ನಿಜವಾಗಿ ಹಳೆಯದೇ? ಬರ್ಲಿನ್ನಿನ ಆಡ್ಲಾನ್ 1907ರ ಹೆಸರು, ಆದರೆ ಮೂಲ ಕಟ್ಟಡ 1945ರಲ್ಲಿ ಸುಟ್ಟುಹೋಯಿತು. ಈಗಿರುವುದು ಅದೇ ಜಾಗದಲ್ಲಿ ಎದ್ದು 1997ರಲ್ಲಿ ತೆರೆದದ್ದು. ವಿಯೆನ್ನಾದ ಇಂಪೀರಿಯಲ್ ಮಾತ್ರ ನಮ್ಮ ಲಲಿತಮಹಲಿನ ಅಕ್ಕನಂತೆ: 1860ರ ದಶಕದಲ್ಲಿ ರಾಜವಂಶದವರೊಬ್ಬರ ಅರಮನೆಯಾಗಿ ಕಟ್ಟಿದ್ದನ್ನು 1873ರ ವಿಶ್ವ ವಸ್ತುಪ್ರದರ್ಶನದ ಹೊತ್ತಿಗೆ ಹೋಟೆಲು ಮಾಡಿದರು. ತಂಗದೆ ಸವಿಯಬಹುದೇ? ಅದೇ ಊರಿನ 1876ರ ಸಾಹರ್ ಹೋಟೆಲಿನ ಹೆಸರಾಂತ ಚಾಕೊಲೇಟ್ ಕೇಕನ್ನು ಕೆಳಗಿನ ಕಾಫಿಕೋಣೆಯಲ್ಲಿ ಕುಳಿತು ತಿನ್ನಬಹುದು, ಕೋಣೆ ಬೇಕಿಲ್ಲ. ಮೊಟ್ಟೆ ಇರುತ್ತದೆ ಎನ್ನುವುದನ್ನು ಮಾತ್ರ ಸಸ್ಯಾಹಾರಿಗಳು ಗಮನಿಸಬೇಕು. ಬಿಲ್ಲಿನಲ್ಲಿ ಇನ್ನೇನು ಸೇರುತ್ತದೆ? ಯುರೋಪಿನ ಹಲವು ನಗರಗಳು ತಂಗುವವರಿಂದ ಊರಿನ ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡುತ್ತವೆ. ಆಮ್‌ಸ್ಟರ್‌ಡ್ಯಾಮ್ 2024ರಿಂದ ಅದನ್ನು ಬಾಡಿಗೆಯ ಶೇ 12.5ಕ್ಕೆ ಏರಿಸಿದೆ. ಮುಂಗಡ ತೋರಿಸಿದ ದರದಲ್ಲಿ ಅದು ಸೇರಿದೆಯೇ ಎಂದು ಕೇಳದೆ ಕಾರ್ಡ್ ಕೊಡಬೇಡಿ.

ಮೈಸೂರಾಗಲಿ ವಿಯೆನ್ನಾ ಆಗಲಿ, ತೀರ್ಮಾನ ಒಂದೇ. ಇಪ್ಪತ್ತೊಂದು ಗಂಟೆ ಮನೆಯೊಳಗೇ ಇರುವ ಮನಸ್ಸಿದ್ದರೆ ಹಳೆಯ ಭಾಗದಲ್ಲಿ ಒಂದೇ ಒಂದು ರಾತ್ರಿಗೆ ಕೋಣೆ ಹಿಡಿಯಿರಿ. ಆ ಮನಸ್ಸಾಗಲಿ ಅಷ್ಟು ದುಡ್ಡಾಗಲಿ ಇಲ್ಲದಿದ್ದರೆ ಒಂದು ಊಟ ಮಾಡಿ ಬನ್ನಿ. ಮಲಗುವುದಕ್ಕಷ್ಟೇ ಆದರೆ ಲಾಡ್ಜೇ ಸಾಕು.